ಸಮಸ್ಯಾಪೂರಣ: “ಸೋತವನ ಕೊರಳಿಗೇ ಹೂಮಾಲೆ ಬಿತ್ತು”

ಪೃಚ್ಛಕ:
ಈ ವಾರದ ಸಮಸ್ಯೆ, ಎಂದರೆ ಪದ್ಯದ ಕೊನೆಯ ಸಾಲು, ಮೇಲಿದೆ. ಮೊದಲ ಮೂರು ಸಾಲು ನೀವು ಕಟ್ಟಬೇಕು. ವಸ್ತು ಒಂದೇ: ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಅಭ್ಯರ್ಥಿಗಳು. ಪಂಚಮಾತ್ರೆಯ ಚೌಪದಿ ಇರಲಿ. ಒಂದು, ಮೂರನೆಯ ಸಾಲುಗಳಲ್ಲಿ ಐದೈದರ ನಾಲ್ಕು ಗಣ. ಎರಡು, ನಾಲ್ಕರಲ್ಲಿ ಮೂರು ಗಣದ ಮೇಲೆ ಮೂರು ಮಾತ್ರೆ. ಆದಿಪ್ರಾಸ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ತಕಾರ; ಅದರ ಹಿಂದೆ ಗುರು. ಗಣದ ಆರಂಭದಲ್ಲಿ ಲಗ (ಲಘುವಿನ ಮೇಲೆ ಗುರು) ಬರಬಾರದು.

ಇನ್ನೊಂದು ಮಾತು. ನಗಿಸಿ, ಆದರೆ ಸೋತವರನ್ನು ಹಂಗಿಸಬೇಡಿ. ದೇಶದ ತುಂಬ ಓಡಾಡಿ, ಗಂಟಲು ಹರಿದುಕೊಂಡು, ಕೊನೆಗೆ ಎಲ್ಲರೆದುರು ನಿಂತು “ನಾನು ಸೋತೆ” ಎನ್ನುವುದಕ್ಕೆ ದೊಡ್ಡ ಎದೆ ಬೇಕು. 1976ರಲ್ಲಿ ಜೆರಾಲ್ಡ್ ಫೋರ್ಡರ ದನಿ ನಿಜವಾಗಿಯೂ ಕಟ್ಟಿಹೋಗಿತ್ತು. ಸೋಲನ್ನು ಒಪ್ಪುವ ಹೇಳಿಕೆಯನ್ನು ಅವರ ಹೆಂಡತಿ ಬೆಟ್ಟಿ ಓದಬೇಕಾಯಿತು.

ಸಾಗರದ ಮೇಷ್ಟ್ರು:
ಮೊದಲ ಪೂರಣ ನನ್ನದು.

ರಾತಿರಿಯೊಳಚ್ಚಾಯ್ತು “ಡೂಯಿಗೇ ಜಯ”ವೆಂದು
ಆತುರದ ಪತ್ರಿಕೆಗೆ ತಾಳ್ಮೆಯೆಲ್ಲಿತ್ತು?
ಭೂತಲವೆ ನಗುವಂತೆ ಟ್ರೂಮನ್ನ ಕೈಯಲ್ಲಿ
ಸೋತವನ ಕೊರಳಿಗೇ ಹೂಮಾಲೆ ಬಿತ್ತು

1948ರ ಕಥೆ. ಥಾಮಸ್ ಡೂಯಿ ನ್ಯೂಯಾರ್ಕಿನ ಗವರ್ನರ್. ಗೆಲುವು ಅವರದೇ ಎಂದು ಸಮೀಕ್ಷೆಗಳೆಲ್ಲ ಹೇಳಿದ್ದವು. ಚಿಕಾಗೋ ಡೈಲಿ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮುದ್ರಣ ಕೆಲಸಗಾರರ ಮುಷ್ಕರ ನಡೆದಿತ್ತು, ಪುಟಗಳನ್ನು ಎಂದಿಗಿಂತ ಕೆಲವು ಗಂಟೆ ಮೊದಲೇ ಅಚ್ಚಿಗೆ ಕಳಿಸಬೇಕಿತ್ತು. ಎಣಿಕೆ ಮುಗಿಯುವ ಮೊದಲೇ “ಟ್ರೂಮನ್‌ಗೆ ಸೋಲು, ಡೂಯಿಗೆ ಗೆಲುವು” ಎಂಬ ದಪ್ಪಕ್ಷರದ ತಲೆಬರಹ ಹೊರಬಿತ್ತು. ಬೆಳಗಾದಾಗ ಲೆಕ್ಕವೇ ಬೇರೆ: ರಾಜ್ಯವಾರು ಸಿಗುವ ಎಲೆಕ್ಟೋರಲ್ ಮತ ಟ್ರೂಮನ್‌ಗೆ 303, ಡೂಯಿಗೆ 189. ವಾಷಿಂಗ್ಟನ್ನಿಗೆ ಮರಳುವ ದಾರಿಯಲ್ಲಿ, ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ರೈಲಿನ ಹಿಂಬದಿಗೆ ನಿಂತು ಟ್ರೂಮನ್ ಆ ಪತ್ರಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಯ್ತುಂಬ ನಕ್ಕ ಚಿತ್ರ ಇಂದಿಗೂ ಓಡಾಡುತ್ತಿದೆ. ಹಾಗಾಗಿ ಡೂಯಿಗೆ ಸಿಕ್ಕಿದ ಒಂದೇ ಹೂಮಾಲೆಯನ್ನು ಜಗತ್ತಿಗೆಲ್ಲ ತೋರಿಸಿದವನು ಗೆದ್ದವನೇ!

ಧಾರವಾಡದ ಹುಡುಗ:
ಸರ, ಭಾಳ ಚಂದ ಆಗೇದ. ಒಂದು ಸಂಶಯ. ‘ಟ್ರೂ’ ಅನ್ನೋ ಒತ್ತಕ್ಷರ ಹಿಂದಿನ ‘ತೆ’ನ್ನ ಗುರು ಮಾಡೂದಿಲ್ಲೇನ್ರಿ? ಹಂಗಾದ್ರ ಗಣಕ್ಕ ಆರು ಮಾತ್ರೆ ಆಗ್ತಾವ.

ಸಾಗರದ ಮೇಷ್ಟ್ರು:
ಒಳ್ಳೆಯ ಕಣ್ಣು ಮರಿ ನಿಂದು. ಅಲ್ಲಿ ಪದ ಬೇರೆಯಾಗುತ್ತದೆ, ಜೊತೆಗೆ ರೇಫದ ಒತ್ತು. ಶಿಥಿಲದ್ವಿತ್ವವೆಂದು, ಎಂದರೆ ಹಿಂದಿನ ಅಕ್ಷರವನ್ನು ಗುರು ಮಾಡದ ಸಡಿಲ ಒತ್ತೆಂದು, ತೇಲಿಸಿ ಓದು, ಕಿವಿಗೆ ಎಡವುವುದಿಲ್ಲ.

ಮೈಸೂರಿನ ವೈದ್ಯರು:
ನನ್ನದು 2000ದ ಚುನಾವಣೆ.

ಕೂತೆಣಿಸೆ ದೇಶದಲಿ ಗೋರ್‌ಗೆ ಮತ ಹೆಚ್ಚು
ಏತಕೋ ಫ್ಲೋರಿಡವು ಬುಷ್ಷಿಗೊಲಿದಿತ್ತು
ಶೀತಗಿರಿ ಕರಗುವುದ ಸಾರಲೋಸ್ಲೋ ಪುರದಿ
ಸೋತವನ ಕೊರಳಿಗೇ ಹೂಮಾಲೆ ಬಿತ್ತು

ಪೃಚ್ಛಕ:
ಡಾಕ್ಟರೇ, ಮೊದಲ ಸಾಲಿನಲ್ಲಿ ಎರಡು ಮಾತ್ರೆ ಕಡಿಮೆ. “ಗೋರಿಗೇ ಮತ ಹೆಚ್ಚು” ಎಂದರೆ ಸರಿಹೋಗುತ್ತದೆ, ಅರ್ಥಕ್ಕೂ ಒತ್ತು ಬರುತ್ತದೆ. ‘ಸಾರಲೋಸ್ಲೋ’ ಸಂಧಿ ಮಾತ್ರ ಅದ್ಭುತ! ಓಸ್ಲೋ ನಗರ ಕನ್ನಡ ಚೌಪದಿಯೊಳಗೆ ಇಷ್ಟು ಸಲೀಸಾಗಿ ಇಳಿದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ನ್ಯೂಜೆರ್ಸಿಯ ಗೆಳತಿ:
ಆ ವರ್ಷ ಗೋರ್‌ಗೆ ಬುಷ್‌ಗಿಂತ ಐದು ಲಕ್ಷಕ್ಕೂ ಹೆಚ್ಚು ಮತ ಬಂದಿತ್ತು. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯವಾರು ಎಲೆಕ್ಟೋರಲ್ ಮತ. ಫ್ಲೋರಿಡಾದಲ್ಲಿ 537 ಮತಗಳ ಅಂತರ, ಮರುಎಣಿಕೆಯ ಜಗಳ, ಸುಪ್ರೀಂ ಕೋರ್ಟಿನ 5–4ರ ತೀರ್ಪು. ಚುನಾವಣೆಯ ರಾತ್ರಿಯೇ ಗೋರ್ ಬುಷ್‌ಗೆ ಫೋನ್ ಮಾಡಿ ಸೋಲೊಪ್ಪಿದ್ದರು. ಅಂತರ ಕರಗುತ್ತಿದೆ ಎಂದು ಗೊತ್ತಾದ ಮೇಲೆ ಮತ್ತೆ ಫೋನ್ ಮಾಡಿ ಆ ಮಾತನ್ನು ವಾಪಸ್ ಪಡೆದರು. ಡಿಸೆಂಬರ್ 13ರಂದು ಕೊನೆಯ ಬಾರಿ ಸೋಲೊಪ್ಪಿ ಮಾತನಾಡುವಾಗ, “ಈ ಸಲ ಮತ್ತೆ ಫೋನ್ ಮಾಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ” ಎಂದರು. ಅಂಥ ಸಂಕಟದ ಹೊತ್ತಿನಲ್ಲಿ ಆ ನಗು! ಹವಾಮಾನ ಬದಲಾವಣೆಯ ಕೆಲಸಕ್ಕೆ 2007ರಲ್ಲಿ ಬಂದ ನೊಬೆಲ್ ಶಾಂತಿ ಪ್ರಶಸ್ತಿಯೇ ಡಾಕ್ಟರ ಹೂಮಾಲೆ ಅಲ್ಲವೇ?

ಧಾರವಾಡದ ಹುಡುಗ:
ನಂದೂ ಒಂದು. ಯೂಜೀನ್ ಡೆಬ್ಸ್, 1920. ಯುದ್ಧದ ವಿರುದ್ಧ ಭಾಷಣ ಮಾಡಿದ್ದಕ್ಕ ಹತ್ತು ವರ್ಷದ ಶಿಕ್ಷೆ ಆಗಿತ್ತು, ಅಟ್ಲಾಂಟಾ ಜೈಲಿನಾಗ ಇದ್ದಕೊಂಡೇ ಚುನಾವಣೆಗೆ ನಿಂತರು. ಬೆಂಬಲಿಗರ ಬಿಲ್ಲೆ ಮ್ಯಾಲ ಅವರ ಕೈದಿ ನಂಬರು 9653 ಅಚ್ಚಾಗಿತ್ತು!

ಜ್ಯೋತಿಯಿಲ್ಲದ ಸೆರೆಯ ಕೋಣೆಯೊಳಗಿದ್ದರೂ
ಆತನಿಗೆ ಒಂಬತ್ತು ಲಕ್ಷ ಮತವಿತ್ತು
ಯಾತನೆಯ ಕಂಬಿಗಳ ಸಂದಿನಲಿ ತೂರುತ್ತ
ಸೋತವನ ಕೊರಳಿಗೇ ಹೂಮಾಲೆ ಬಿತ್ತು

ಸಾಗರದ ಮೇಷ್ಟ್ರು:
ಭೇಷ್! ಮೂರನೆಯ ಸಾಲಿನಿಂದ ನಾಲ್ಕನೆಯದಕ್ಕೆ ಹಾರವೇ ಜಾರಿಕೊಂಡು ಬಂದ ಹಾಗಿದೆ.

ನ್ಯೂಜೆರ್ಸಿಯ ಗೆಳತಿ:
ನಾನು ಸಮಸ್ಯೆಯನ್ನು ಬೇರೆ ಕಡೆಯಿಂದ ಒಡೆದಿದ್ದೇನೆ. ಮೂರನೆಯ ಸಾಲಿನ ಕೊನೆಯನ್ನು ನಾಲ್ಕನೆಯದಕ್ಕೆ ಸೇರಿಸಿ ಓದಿ.

ಶ್ವೇತಭವನದ ನಡುವೆ ಮದುವೆಯೋಲಗವಂದು
ಪ್ರೀತಿಯಲಿ ಫ್ರಾನ್ಸಿಸಳ ಕಣ್ಣು ಮಿನುಗಿತ್ತು
ಆತನೇ ಕ್ಲೀವ್ಲೆಂಡನಾಕೆಯ ಚೆಲುವಿಗೆ ಮನ-
ಸೋತವನ ಕೊರಳಿಗೇ ಹೂಮಾಲೆ ಬಿತ್ತು

ಪೃಚ್ಛಕ:
ಆಹಾ! ‘ಮನಸೋತವನ’! ಇದು ಸಮಸ್ಯಾಪೂರಣ. ನಾನು ಇಟ್ಟ ಗಂಟನ್ನು ಬಿಚ್ಚಲಿಲ್ಲ, ಅದನ್ನು ತಾಳಿಯ ಗಂಟು ಮಾಡಿಬಿಟ್ಟಿರಿ. ವಿರೋಧವನ್ನು ಒಂದೇ ಪದಚ್ಛೇದದಲ್ಲಿ ಕರಗಿಸುವುದು ಹಳಬರ ಅಚ್ಚುಮೆಚ್ಚಿನ ದಾರಿ. ಈ ವಾರದ ಹಾರ ನಿಮಗೇ.

ಮೈಸೂರಿನ ವೈದ್ಯರು:
ಪದ್ಯಕ್ಕೆ ನಮಸ್ಕಾರ. ಆದರೆ ಆ ಮದುವೆ ನಡೆದದ್ದು 1886ರ ಜೂನ್ 2ರಂದು. ಆಗ ಗ್ರೋವರ್ ಕ್ಲೀವ್ಲೆಂಡ್ ಗಾದಿಯಲ್ಲಿದ್ದ ಅಧ್ಯಕ್ಷ, ಸೋತ ಅಭ್ಯರ್ಥಿಯಲ್ಲ. ವಸ್ತುವಿನ ಗೆರೆ ದಾಟಿದಂತಾಗಲಿಲ್ಲವೇ?

ನ್ಯೂಜೆರ್ಸಿಯ ಗೆಳತಿ:
ಎರಡೇ ವರ್ಷದಲ್ಲಿ ಸೋತರಲ್ಲ, ಸರ್. 1888ರಲ್ಲಿ ಜನರ ಮತ ಸುಮಾರು 90 ಸಾವಿರ ಹೆಚ್ಚಿದ್ದರೂ ಎಲೆಕ್ಟೋರಲ್ ಮತದಲ್ಲಿ ಹ್ಯಾರಿಸನ್‌ಗೆ 233, ಇವರಿಗೆ 168. ಹೊರಡುವ ದಿನ ಫ್ರಾನ್ಸಿಸ್ ಮನೆಯ ಕೆಲಸದವರಿಗೆ, “ಪೀಠೋಪಕರಣಗಳನ್ನು ಚೆನ್ನಾಗಿ ನೋಡಿಕೊಳ್ಳಿ, ನಾಲ್ಕು ವರ್ಷಕ್ಕೆ ನಾವು ಇಲ್ಲಿಗೇ ಬರುತ್ತೇವೆ” ಎಂದು ಹೇಳಿ ಹೋದರಂತೆ. 1893ರಲ್ಲಿ ಬಂದೇ ಬಂದರು! ಮದುವೆಯ ಮನೆಯನ್ನು ಬಿಟ್ಟುಕೊಡಲು ಯಾವ ಹೆಣ್ಣಿಗೆ ಮನಸ್ಸು ಬರುತ್ತದೆ?

ಸಾಗರದ ಮೇಷ್ಟ್ರು:
ಗೆರೆ ದಾಟಿಲ್ಲ, ದಾಟಿದರೂ ಇಂಥ ಪದ್ಯಕ್ಕಾಗಿ ಗೆರೆಯನ್ನೇ ಸ್ವಲ್ಪ ಆಚೆಗೆ ಎಳೆಯೋಣ.

ಮೈಸೂರಿನ ವೈದ್ಯರು:
ಒಪ್ಪಿದೆ. ನನ್ನ ಎರಡನೆಯ ಪ್ರಯತ್ನ, ಅಡ್ಲೇ ಸ್ಟೀವನ್‌ಸನ್ ಮೇಲೆ. 1952ರಲ್ಲಿ ಐಸೆನ್‌ಹೋವರ್ ಎದುರು ಸೋತ ರಾತ್ರಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಬೆಂಬಲಿಗರೆದುರು ಲಿಂಕನ್ನರ ಒಂದು ಕಥೆ ಹೇಳಿದರು. ಸೋತ ಮೇಲೆ ಹೇಗನ್ನಿಸುತ್ತಿದೆ ಎಂದು ಯಾರೋ ಲಿಂಕನ್ನರನ್ನು ಕೇಳಿದ್ದರಂತೆ. ಕತ್ತಲಲ್ಲಿ ಕಾಲ್ಬೆರಳು ಎಡವಿಕೊಂಡ ಹುಡುಗನ ಹಾಗೆ: ಅಳುವ ವಯಸ್ಸು ದಾಟಿದೆ, ನಗೋಣವೆಂದರೆ ನೋವು ಬಿಡದು.

ಕಾತರಿಸಿ ಕಾದಿದ್ದ ಗೆಳೆಯರಿಗೆ ಲಿಂಕನ್ನ
ಮಾತನ್ನು ಹೇಳಲಡ್ಲೇಗೆ ಬಲವಿತ್ತು
ಮೂತಿ ಹಿಂಡದೆ ನಕ್ಕ ನಗೆಯ ಕಂಡಾಗಲೇ
ಸೋತವನ ಕೊರಳಿಗೇ ಹೂಮಾಲೆ ಬಿತ್ತು

ಪೃಚ್ಛಕ:
ನಾನು ಕೇಳಿದ್ದು ಇದನ್ನೇ, ಡಾಕ್ಟರೇ. ‘ಮೂತಿ ಹಿಂಡದೆ’ ಎಂಬಲ್ಲಿ ನಗು ಬಂತು, ಮರುಕ್ಷಣ ಗಂಟಲು ತುಂಬಿತು. ನಾಲ್ಕು ವರ್ಷ ಬಿಟ್ಟು ಅದೇ ಐಸೆನ್‌ಹೋವರ್ ಎದುರು ಮತ್ತೆ ನಿಂತು ಮತ್ತೆ ಸೋತವರು ಇವರು.

ಧಾರವಾಡದ ಹುಡುಗ:
ಆಲ್ಫ್ ಲ್ಯಾಂಡನ್‌ಗೆ ಯಾರೂ ಬರೀಲಿಲ್ಲಲ್ರಿ? 1936ರಾಗ ರೂಸ್‌ವೆಲ್ಟ್‌ಗೆ 523, ಇವರಿಗೆ ಬರೇ 8. ಮೇನ್, ವರ್ಮಾಂಟ್ ಅಂತ ಎರಡೇ ರಾಜ್ಯ. ಆದರ ಅವರು ನೂರು ವರ್ಷ ಬದುಕಿದ್ರು. ಆಯುಷ್ಯದ ಮಾಲೆ ಅಂತ ಮಾಡಬಹುದೇನ್ರಿ?

ಸಾಗರದ ಮೇಷ್ಟ್ರು:
ಮಾಡಬಹುದು ಮರಿ, ನೀನೇ ಬರಿ. ‘ಲ್ಯಾಂಡನ್ನ’ ಸರಿಯಾಗಿ ಐದು ಮಾತ್ರೆ.

ನ್ಯೂಜೆರ್ಸಿಯ ಗೆಳತಿ:
ಪೃಚ್ಛಕರೇ, ನಿಮ್ಮ ಸಮಸ್ಯೆಯಲ್ಲಿ ‘ಸೋತವನ’ ಎಂದಿದೆ. ಸೋತವಳಿಗೆ ಜಾಗವೇ ಇಲ್ಲ. ಹಾಗಾಗಿ ಕೊನೆಯ ಸಾಲನ್ನೂ ನಾನೇ ಕಟ್ಟಿದ್ದೇನೆ. ತಕಾರವನ್ನು ಬಿಟ್ಟಿಲ್ಲ.

ಮಾತೆಯೋ ತಮಿಳುನಾಡಿನ ಮಗಳು, ಕಮಲೆಯೋ
ನೀತಿ ತಪ್ಪದೆ ನಿಂತು ಸಭೆಯ ಪೀಠದಲಿ
ಭೀತಿಯಿಲ್ಲದ ದನಿಯೊಳೆಣಿಕೆ ಮುಗಿದೊಡನೆಯೇ
ಸೋತವಳೆ ಗೆದ್ದವನ ಹೆಸರ ಸಾರಿದಳು

2025ರ ಜನವರಿ 6. ಉಪಾಧ್ಯಕ್ಷರಾದವರು ಸೆನೆಟ್ಟಿನ ಅಧ್ಯಕ್ಷರೂ ಹೌದು. ಸಂಸತ್ತಿನ ಜಂಟಿ ಸಭೆಯಲ್ಲಿ ಎಲೆಕ್ಟೋರಲ್ ಮತ ಎಣಿಸುವಾಗ ಪೀಠ ಅವರದು. ಟ್ರಂಪ್‌ಗೆ 312, ತನಗೆ 226 ಎಂದು ಕಮಲಾ ಹ್ಯಾರಿಸ್ ತಮ್ಮ ಬಾಯಿಂದಲೇ ಘೋಷಿಸಿದರು.

ಪೃಚ್ಛಕ:
ಒಪ್ಪಿದೆ ತಾಯಿ, ‘ಸೋತವಳೆ’ ಸಾಲನ್ನೂ ಸಮಸ್ಯೆಯಾಗಿ ಸೇರಿಸಿಕೊಂಡಿದ್ದೇನೆ. 2001ರಲ್ಲಿ ಗೋರ್ ಕೂಡ ಅದೇ ಪೀಠದಿಂದ ಬುಷ್ ಹೆಸರು ಓದಿದ್ದರು, 1961ರಲ್ಲಿ ನಿಕ್ಸನ್ ಕೆನಡಿಯ ಹೆಸರು ಓದಿದ್ದರು. ಆ ಇಬ್ಬರಿಗೆ ಬರೆಯುವವರು ‘ಸೋತವನೆ’ ಎಂದು ತಿದ್ದಿಕೊಂಡು, ಕೊನೆಯಲ್ಲಿ ‘ಸಾರಿದನು’ ಮಾಡಿಕೊಳ್ಳಿ, ಮಾತ್ರೆ ಕೆಡುವುದಿಲ್ಲ. ಭಾನುವಾರದವರೆಗೆ ಸಮಯವಿದೆ. ಲ್ಯಾಂಡನ್ನರ ಪದ್ಯಕ್ಕೆ ಕಾಯುತ್ತಿದ್ದೇನೆ.