ಸಹಾಯ ಬೇಕು: ಸಕ್ಕರೆ ಹಾಕದ ಮಾವಿನ ಐಸ್‌ಕ್ರೀಂ ಕಲ್ಲಾಗುತ್ತಿದೆ

ಮನೆಯಲ್ಲಿ ಮಕ್ಕಳಿಗೆ ಊಟ ಆದ ಮೇಲೆ ಏನಾದರೂ ಸಿಹಿ ಬೇಕೇ ಬೇಕು. ಸಕ್ಕರೆ ಕಡಿಮೆ ಮಾಡೋಣ ಅಂತ ಹಣ್ಣಿನ ಐಸ್‌ಕ್ರೀಂ ಶುರು ಮಾಡಿದೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಬಿಲ್ಲೆ ಮಾಡಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಮಿಕ್ಸಿಗೆ ಹಾಕಿದರೆ ಬೆಣ್ಣೆಯ ಹಾಗೆ ಬರುತ್ತದೆ. ಆಗಲೇ ತಿಂದುಬಿಟ್ಟರೆ ತಕರಾರಿಲ್ಲ.

ತೊಂದರೆ ಮಾವಿನಹಣ್ಣಿನದ್ದು. ಅರೆದ ತಿರುಳನ್ನು ಡಬ್ಬಿಗೆ ಹಾಕಿಟ್ಟರೆ ಮರುದಿನ ಕಲ್ಲು. ಮೊನ್ನೆ ಚಮಚವೇ ಬಾಗಿತು, ಸುಳ್ಳಲ್ಲ! ತಿಂದರೆ ಬಾಯಲ್ಲಿ ಕರಕರ ಐಸ್ ಚೂರು.

ಎರಡು ಚಮಚ ಗಟ್ಟಿ ಮೊಸರು ಬೆರೆಸಿ ನೋಡಿದೆ. ಸ್ವಲ್ಪ ಮೆತ್ತಗಾಯಿತು, ಆದರೆ ಹುಳಿ ಜಾಸ್ತಿ ಅಂತ ಚಿಕ್ಕವಳು ಮುಟ್ಟಲಿಲ್ಲ. ಗಂಟೆಗೊಮ್ಮೆ ಹೊರಗೆ ತೆಗೆದು ಫೋರ್ಕ್‌ನಿಂದ ಕೆದಕಿದೆ. ಆ ದಿನ ಚೆನ್ನಾಗಿತ್ತು, ಮರುದಿನ ಮತ್ತೆ ಅದೇ ಕಥೆ.

ಸಕ್ಕರೆ ಇದ್ದರೆ ನೀರು ಪೂರ್ತಿ ಗಟ್ಟಿಯಾಗುವುದಿಲ್ಲ ಅಂತ ಗೊತ್ತು. ನಾನು ತೆಗೆದಿರುವುದೇ ಅದನ್ನ, ಅಲ್ವಾ? ನೆನೆಸಿದ ಖರ್ಜೂರ ಅರೆದು ಹಾಕೋಣ ಅಂದುಕೊಂಡೆ. ಆದರೆ ಅದರಲ್ಲೂ ಇರುವುದು ಸಕ್ಕರೆಯೇ. ಹಾಗಿದ್ದರೆ ಸುಮ್ನೆ ಹೆಸರು ಬದಲಾಯಿಸಿದ ಹಾಗಾಗುತ್ತದಾ? ಇಲ್ಲೇ ತಲೆ ಕೆಟ್ಟಿರುವುದು.

ಮಾಡಿ ನೋಡಿದವರು ದಯವಿಟ್ಟು ಹೇಳಿ: ಅರ್ಧ ಕಿಲೋ ಮಾವಿನ ತಿರುಳಿಗೆ ಎಷ್ಟು ಬಾಳೆಹಣ್ಣು ಅಥವಾ ಎಷ್ಟು ಖರ್ಜೂರ ಸೇರಿಸಿದರೆ ಎರಡು ಮೂರು ದಿನ ಫ್ರೀಜರ್‌ನಲ್ಲಿಟ್ಟರೂ ಚಮಚಕ್ಕೆ ಬರುತ್ತದೆ?