ಸ್ವತಂತ್ರ ಪಾರ್ಟಿ ಜಮೀನ್ದಾರರ ಪಾರ್ಟಿನಾ? ಕ್ಲಾಸಿಕಲ್ ಲಿಬರಲಿಸಂ ಅಂದ್ರೆ ಇರೋರ ಪರ ಅನ್ನೋದು ಸರಿನಾ?

ಓದುಗ_ತುಮಕೂರು:
ಎಂಎ ಪೊಲಿಟಿಕಲ್ ಸೈನ್ಸ್ ಓದ್ತಿದೀನಿ. ಕ್ಲಾಸಿಕಲ್ ಲಿಬರಲಿಸಂ ಪಾಠದಲ್ಲಿ ಲಾಕ್, ಆಡಂ ಸ್ಮಿತ್, ಮಿಲ್ ಎಲ್ಲ ಬರ್ತಾರೆ, ವ್ಯಕ್ತಿ ಸ್ವಾತಂತ್ರ್ಯ, ಆಸ್ತಿ ಹಕ್ಕು, ಮುಕ್ತ ಮಾರುಕಟ್ಟೆ, ಸರ್ಕಾರಕ್ಕೆ ಮಿತಿ, ಇಷ್ಟು ಅರ್ಥ ಆಗಿದೆ. ನಮ್ಮ ದೇಶದಲ್ಲಿ ಇದಕ್ಕೆ ಹತ್ರ ಇದ್ದಿದ್ದು ಸ್ವತಂತ್ರ ಪಾರ್ಟಿ ಅಂತಾರೆ, ಆದ್ರೆ ಅದು ರಾಜರು ಸಾಹುಕಾರರ ಪಾರ್ಟಿ ಅಂತ ನಮ್ಮನೇಲಿ ದೊಡ್ಡೋರು ಈಗ್ಲೂ ಬೈತಾರೆ. ಹಾಗಾದ್ರೆ ಈ ಸಿದ್ಧಾಂತನೇ ಇರೋರ ಆಸ್ತಿ ಕಾಯೋಕೆ ಹುಟ್ಟಿದ್ದಾ? ತಿಳಿದೋರು ಹೇಳಿ ಪ್ಲೀಸ್.

ಹಳೇಪುಟ:
ರಾಜಮನೆತನದವರು ಇದ್ರು ನಿಜ, ಜೈಪುರದ ಗಾಯತ್ರಿ ದೇವಿ ಆ ಪಾರ್ಟಿಯಿಂದಾನೇ ಗೆದ್ದಿದ್ದು. ಆದ್ರೆ ಪಾರ್ಟಿ ಯಾಕೆ ಹುಟ್ತು ನೋಡಿ. 1959ರ ಜನವರಿಲಿ ನಾಗಪುರದಲ್ಲಿ ಕಾಂಗ್ರೆಸ್ ಸಹಕಾರಿ ಕೂಡು ಬೇಸಾಯದ ನಿರ್ಣಯ ಮಾಡ್ತು, ಹೊಲ ಎಲ್ಲ ಒಟ್ಟು ಮಾಡಿ ಉಳೋದು ಅಂತ, ಅದಕ್ಕೆ ಹೆದರಿದ್ದು ಸಣ್ಣ ಹಿಡುವಳಿ ಇದ್ದ ರೈತ್ರೂನೂ, ಅದಕ್ಕೇ ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಕಾಂಗ್ರೆಸ್ ಬಿಟ್ಟು ಬಂದು ಈ ಪಾರ್ಟಿ ಅಧ್ಯಕ್ಷ ಆದ್ರು. ಪಾರ್ಟಿ ಕಟ್ಟಿದ ರಾಜಾಜಿಗೆ ಆಗ 80 ವರ್ಷ. ಪರ್ಮಿಟ್-ಲೈಸೆನ್ಸ್ ರಾಜ್ ಅಂತ ಅವರು ಬೈದಿದ್ದು ಯಾರಿಗೆ ಅಂದ್ಕೊಂಡ್ರಿ? ಲೈಸೆನ್ಸ್ ಸಿಗ್ತಿದ್ದಿದ್ದೇ ದೊಡ್ಡ ಸಾಹುಕಾರರಿಗೆ, ಹೊಸಬ ಒಂದು ಸಣ್ಣ ಫ್ಯಾಕ್ಟರಿ ಇಡ್ಬೇಕಂದ್ರೆ ದಿಲ್ಲಿ ಬಾಗಿಲು ಕಾಯ್ಬೇಕಿತ್ತು. 1967ರಲ್ಲಿ ಲೋಕಸಭೇಲಿ 44 ಸೀಟು ಬಂತು.

ಇನ್ನೊಂದು, ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಬಗ್ಗೆ ಓದಿ, ಬೆಳ್ಳಿಕೋತಿನವರು, ಕಾಸರಗೋಡು ಕಡೆ. ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ 1955ರಲ್ಲಿ ಭಿನ್ನಮತ ಬರೆದು ಕೊಟ್ಟಿದ್ದು ಇವರೊಬ್ರೇ. ನೋಟು ಅಚ್ಚು ಹಾಕಿ ಪ್ಲಾನ್ ನಡೆಸಿದ್ರೆ ಬೆಲೆ ಏರುತ್ತೆ, ಆ ಪೆಟ್ಟು ಬೀಳೋದು ಬಡವನ ಹೊಟ್ಟೆಗೆ ಅನ್ನೋದು ಅವರ ವಾದ. ಇಂಥ ಮನುಷ್ಯನ್ನ ಶ್ರೀಮಂತರ ಪರ ಅನ್ನೋದು ಅನ್ಯಾಯ.

ಉಡುಪಿ_ಕಡೆಯವ:
ಹಳೇಪುಟ ಸರ್, ರೈತರು ಅಂದ್ರೆ ಯಾವ ರೈತರು ಅಂತ ಸಹ ಹೇಳ್ಬೇಕಲ್ಲ. 1967ರಲ್ಲಿ ನಮ್ಮ ಉಡುಪಿಯಿಂದ ಲೋಕಸಭೆಗೆ ಗೆದ್ದದ್ದು ಸ್ವತಂತ್ರ ಪಾರ್ಟಿಯ ಲೋಬೋ ಪ್ರಭು. ಆಗ ನಮ್ಮ ಕಡೆ ಗದ್ದೆ ಉಳುವವನೇ ಬೇರೆ, ಒಡೆಯರೇ ಬೇರೆ. ಮೂಲಗೇಣಿ, ಅಂದ್ರೆ ಶಾಶ್ವತ ಗೇಣಿಯವರಿಗಾದ್ರೂ ಒಂದು ಭದ್ರತೆ ಇತ್ತು, ಒಡೆಯರು ಬೇಕಾದಾಗ ಬಿಡಿಸಬಹುದಾದ ಚಾಲಗೇಣಿಯವರಿಗೆ ಏನಿತ್ತು ಮಾರಾಯ್ರೆ? ನಮ್ಮ ಅಜ್ಜ ಚಾಲಗೇಣಿ, ಬೆಳೆ ಬರ್ಲಿ ಬಿಡ್ಲಿ ಮುಡಿ ಅಕ್ಕಿ ಅಳೆದು ಕೊಡ್ಬೇಕು, ಒಡೆಯರು ಏಳು ಅಂದ್ರೆ ಏಳ್ಬೇಕು. ದೇವರಾಜ ಅರಸು ಸರ್ಕಾರ 1974ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದಿ, ಗೇಣಿಯವರು ಹಾಕುವ ಅರ್ಜಿ ನಮೂನೆ 7 ತುಂಬಿಸಿ, ಭೂನ್ಯಾಯ ಮಂಡಳಿ ಮಾಡಿದ ಮೇಲೆ ಗದ್ದೆ ನಮ್ಮದಾಯ್ತು. ಆಸ್ತಿ ಹಕ್ಕು ಪವಿತ್ರ ಅಂತ ಕೂತಿದ್ರೆ ನಾನು ಇವತ್ತು ಇಲ್ಲಿ ಟೈಪ್ ಮಾಡ್ತಾ ಇರ್ಲಿಲ್ಲ.

ಮಿಲ್_ಓದಿದವಳು:
ನಿಮ್ಮ ಮಾತು ಸರಿ, ಆದ್ರೆ ಅದು ಸ್ವತಂತ್ರ ಪಾರ್ಟಿ ಮೇಲಿನ ಆಕ್ಷೇಪ, ಸಿದ್ಧಾಂತದ ಮೇಲಿನದಲ್ಲ. ಲಾಕ್ ಪ್ರಕಾರ ಆಸ್ತಿ ಹುಟ್ಟೋದೇ ದುಡಿಮೆಯಿಂದ. ಭೂಮಾಲೀಕರು ಬಿತ್ತದೇ ಇರೋ ಕಡೆ ಕೊಯ್ಯೋಕೆ ನೋಡ್ತಾರೆ ಅಂತ ಆಡಂ ಸ್ಮಿತ್ 1776ರಲ್ಲೇ ಬರೆದ. ಇಂಗ್ಲೆಂಡಲ್ಲಿ ಹೊರಗಿನ ಗೋಧಿ ಅಗ್ಗಕ್ಕೆ ಬರದ ಹಾಗೆ ಜಮೀನ್ದಾರರು ಕಾರ್ನ್ ಲಾ ಇಟ್ಕೊಂಡಿದ್ರು, ಅದರ ವಿರುದ್ಧ ಮ್ಯಾಂಚೆಸ್ಟರ್‌ನಲ್ಲಿ ನಿಂತು ಹೋರಾಡಿ 1846ರಲ್ಲಿ ತೆಗೆಸಿದ್ದು ಕಾಬ್ಡೆನ್, ಬ್ರೈಟ್ ಥರದ ಲಿಬರಲ್‌ಗಳೇ. ಮಿಲ್ ಅಂತೂ ಭೂಮಿನ ಯಾವ ಮನುಷ್ಯನೂ ಮಾಡಿದ್ದಲ್ಲ, ಹಾಗಾಗಿ ಅದರ ಒಡೆತನ ಬೇರೆ ಆಸ್ತಿ ಥರ ಅಲ್ಲ ಅಂತ ವಾದಿಸಿ, 1868ರಲ್ಲಿ ಐರ್ಲೆಂಡಿನ ಗೇಣಿದಾರರಿಗೆ ನಿಗದಿ ಗೇಣಿಗೆ ಶಾಶ್ವತ ಹಕ್ಕು ಕೊಡಿ ಅಂದ. ನಿಮ್ಮ ಅಜ್ಜನ ಪರ ನಿಲ್ತಿದ್ದ.

ಉಡುಪಿ_ಕಡೆಯವ:
ಅಕ್ಕ, ಮಿಲ್ ಹೇಳಿದ್ದು ಒಪ್ತೇನೆ. ಆದ್ರೆ ಐರ್ಲೆಂಡಲ್ಲೂ ಗೇಣಿಯವರ ಕೈಗೆ ದೊಡ್ಡ ಮಟ್ಟದಲ್ಲಿ ಜಾಗ ಬಂದದ್ದು 1903ರ ಕಾಯ್ದೆ ಮೇಲೆ, ಸರ್ಕಾರವೇ ಸಾಲ ಕೊಟ್ಟು ಒಡೆಯರಿಂದ ಕೊಡಿಸಿದ್ದು. ಮಾರುಕಟ್ಟೆಯಷ್ಟಕ್ಕೇ ಬಿಟ್ಟಿದ್ರೆ ಆಗ್ತಿರ್ಲಿಲ್ಲ, ಮಿಲ್ ಸಹ ಸರ್ಕಾರದ ಹತ್ರವೇ ಕೇಳಿದ್ದಲ್ಲವಾ? ಓದುಗ ತಮ್ಮ, ಪರೀಕ್ಷೆಯಲ್ಲಿ ಏನು ಬೇಕಾದ್ರೂ ಬರಿ, ಆದ್ರೆ ಮಿತ ಸರ್ಕಾರ ಅಂತ ಬರೆಯುವ ಮೊದ್ಲು ಆ ಮಿತಿ ಹಾಕುವಾಗ ಜಾಗ ಯಾರ ಹೆಸರಲ್ಲಿತ್ತು ಅಂತ ಒಂದು ಸಾಲು ಸೇರಿಸು.