ಕೆರೆಗೂ ಟ್ಯಾಂಕ್, ಯುದ್ಧಕ್ಕೂ ಟ್ಯಾಂಕ್, ಇದು ಎಲ್ಲಿಂದ ಬಂದ ಪದ?

ಟ್ಯಾಂಕ್ ಅನ್ನೋ ಪದದ ಬಗ್ಗೆ ತಿಳಿದೋರನ್ನ ಕೇಳ್ಬೇಕು ಅಂತ ಬರೀತಿದೀನಿ. ನಮ್ಮ ಮಂಡ್ಯ ಕಡೆ ಟ್ಯಾಂಕ್ ಅಂದ್ರೆ ಊರಲ್ಲಿ ಕಂಬದ ಮೇಲೆ ನಿಂತಿರೋ ನೀರಿನ ಟ್ಯಾಂಕು, ಇಲ್ಲಾ ತಾರಸಿ ಮೇಲಿನ ಸಿಂಟೆಕ್ಸು, ಇಲ್ಲಾ ಗಾಡಿ ಪೆಟ್ರೋಲ್ ಟ್ಯಾಂಕು, ಕೆರೆಗೆ ಯಾರೂ ಟ್ಯಾಂಕ್ ಅನ್ನಲ್ಲ. ಆದ್ರೆ ಇಂಗ್ಲಿಷಲ್ಲಿರೋ ಹಳೇ ಗೆಜೆಟಿಯರು, ನೀರಾವರಿ ಕಾಗದಪತ್ರ ತೆಗೆದ್ರೆ ತೊಣ್ಣೂರು ಕೆರೆನೂ ಟ್ಯಾಂಕು, ಮೈಸೂರಿನ ಕುಕ್ಕರಹಳ್ಳಿ ಕೆರೆನೂ ಟ್ಯಾಂಕು, ಸುತ್ತ ಮೆಟ್ಟಿಲಿರೋ ಮೇಲುಕೋಟೆ ಕಲ್ಯಾಣಿನೂ ಟ್ಯಾಂಕೇ. ಈಗಿನ ಮಕ್ಕಳು ಅದನ್ನ ಓದಿ ಸಿಮೆಂಟ್ ತೊಟ್ಟಿ ಅನ್ಕೊಂಡ್ರೆ ಅವರ ತಪ್ಪೇನಿದೆ?

ನಾನು ಓದಿ ತಿಳ್ಕೊಂಡ ಮಟ್ಟಿಗೆ ಇದು ಇಂಗ್ಲಿಷಿನ ಸ್ವಂತ ಪದ ಅಲ್ಲ. ಗುಜರಾತಿಲಿ ನೆಲದೊಳಗೆ ಮಳೆನೀರು ಹಿಡಿದಿಡೋ ತೊಟ್ಟಿಗೆ ಟಾಂಕು ಅಂತಾರೆ, ಮರಾಠಿಲಿ ಟಾಕೆ. 1600ರ ನಂತರ ಇಂಡಿಯಾಕ್ಕೆ ವ್ಯಾಪಾರಕ್ಕೆ ಬಂದ ಇಂಗ್ಲಿಷರು ಅದನ್ನ ಎತ್ಕೊಂಡ್ರು. ಪೋರ್ಚುಗೀಸರಲ್ಲೂ ತಾಂಕೆ ಅಂತ ಪದ ಇತ್ತು, ನೀರನ್ನ ತಡೆದು ನಿಲ್ಲಿಸೋದು ಅನ್ನೋ ಅರ್ಥದ ಅವರದ್ದೇ ಕ್ರಿಯಾಪದದಿಂದ ಹುಟ್ಟಿದ್ದು ಅದು, ಹಾಗಾಗಿ ಪಂಡಿತರಲ್ಲಿ ಎರಡು ಪಕ್ಷ. ನನಗನ್ಸೋದು ಎರಡೂ ಇಲ್ಲೇ ಪಶ್ಚಿಮ ಕರಾವಳಿಲಿ ಕೂಡ್ಕೊಂಡಿರ್ಬೇಕು.

ಯುದ್ಧದ ಟ್ಯಾಂಕಿನ ಕಥೆ ಬೇರೆನೇ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಆ ಗಾಡಿ ತಯಾರು ಮಾಡೋವಾಗ ಮೊದಲು ಲ್ಯಾಂಡ್‌ಶಿಪ್ ಅಂತಿದ್ರು, ಗುಟ್ಟು ಹೊರಗೆ ಹೋಗ್ಬಾರ್ದು ಅಂತ ಇದು ನೀರು ಸಾಗಿಸೋ ಟ್ಯಾಂಕು ಅಂತ ಹಬ್ಬಿಸಿದ್ರು. 1916ರ ಸೆಪ್ಟೆಂಬರ್ 15ಕ್ಕೆ ಫ್ರಾನ್ಸಿನ ಸೋಮ್ ಕದನದಲ್ಲಿ ಮೊದಲ ಸಲ ಇಳಿಸಿದ್ರು, ಗುಟ್ಟಿನ ಹೆಸರೇ ಖಾಯಂ ಆಯ್ತು. ನಮ್ಮ ಪೇಪರ್‌ನೋರು ಇದನ್ನ ಯುದ್ಧ ಟ್ಯಾಂಕರ್ ಅಂತ ಬರೀತಾರಲ್ಲ, ಅದು ತಪ್ಪು, ಟ್ಯಾಂಕರ್ ಅಂದ್ರೆ ನೀರಿನ ಲಾರಿ.

ಅಮೆರಿಕದಲ್ಲಿ ಈಜುಕೊಳಕ್ಕೂ ಟ್ಯಾಂಕ್ ಅಂತಿದ್ರಂತೆ, ತೋಳಿಲ್ಲದ ಬನಿಯನ್ನಿಗೆ ಟ್ಯಾಂಕ್ ಟಾಪ್ ಅನ್ನೋದು ಆ ಈಜುಡುಗೆಯಿಂದ. ಥಿಂಕ್ ಟ್ಯಾಂಕಿಗಂತೂ ಚಿಂತಕರ ಚಾವಡಿ ಅಂತ ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದಾರೆ, ಮೂಲಕ್ಕಿಂತ ಚೆನ್ನಾಗಿದೆ.

ನನ್ನ ಸಂಕಟ ಇರೋದು ಕೆರೆ ವಿಷಯದಲ್ಲಿ. ನಮ್ಮಲ್ಲಿ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ, ಕೊಳ ಬೇರೆ, ಕಲ್ಯಾಣಿ ಬೇರೆ. ಕೆರೆ ಅಂದ್ಮೇಲೆ ಏರಿ ಇರ್ಬೇಕು, ಹೆಚ್ಚಾದ ನೀರು ಹರಿಯೋಕೆ ಕೋಡಿ ಇರ್ಬೇಕು, ತೂಬು ಇರ್ಬೇಕು. ಹಳೇ ತೂಬು ನೋಡಿದೀರಲ್ವಾ, ನೀರೊಳಗೆ ಎರಡು ಕಲ್ಲುಕಂಬ, ಮಧ್ಯ ಅಡ್ಡಪಟ್ಟಿ, ಅದರ ತೂತಲ್ಲಿ ಇಳಿಬಿಟ್ಟ ಗಳು, ಗಳುವಿನ ತುದಿಲಿ ಬಿರಡೆ, ನೀರುಗಂಟಿ ಅದನ್ನ ಎತ್ತಿದ್ರೆ ಗದ್ದೆಗೆ ನೀರು. ಇಷ್ಟೆಲ್ಲ ಇರೋದನ್ನೂ ಊರಾಚೆ ಸಣ್ಣ ಗುಂಡಿ ಕುಂಟೆನೂ ಒಂದೇ ಪದದಲ್ಲಿ ಸುತ್ತಿಬಿಟ್ರೆ ಹೆಂಗೆ? ಕೆರೆ ನೀರು ಹರಿಯೋ ಜಮೀನಿಗೆ ನಾವು ಅಚ್ಚುಕಟ್ಟು ಅಂತೀವಲ್ಲ, ಅದನ್ನ ಮಾತ್ರ ಆ ನೀರಾವರಿ ಕಾಗದಪತ್ರ ಬರೆದ ಎಂಜಿನಿಯರ್‌ಗಳು ಅಚ್‌ಕಟ್ ಅಂತ ಇಂಗ್ಲಿಷಲ್ಲೂ ಹಾಗೇ ಇಟ್ಕೊಂಡ್ರು. ಅದನ್ನ ಇಟ್ಕೊಳ್ಳೋಕೆ ಆಯ್ತು ಅಂದ್ಮೇಲೆ ಕೆರೆನ ಕೆರೆ ಅಂತಲೇ ಬರೆಯೋಕೆ ಏನಾಗಿತ್ತು? ಈಗ್ಲಾದ್ರೂ ಇಂಗ್ಲಿಷಲ್ಲಿ ಬರೆಯೋವಾಗ ಕೆರೆ ಅಂತಲೇ ಬರೀಬೇಕು ಅನ್ನೋದು ನನ್ನ ವಾದ.

ಇನ್ನು ಪ್ರಶ್ನೆ. ಉತ್ತರ ಕರ್ನಾಟಕದೋರು ನೀರಿನ ಟಾಕಿ ಅಂತಾರಲ್ಲ, ಅದು ಮರಾಠಿಯಿಂದ ನೇರ ಬಂದಿದ್ದಾ, ಇಂಗ್ಲಿಷ್ ಸುತ್ತಾಕ್ಕೊಂಡು ಬಂದಿದ್ದಾ? ಹಳೇ ಇಂಗ್ಲಿಷ್ ದಾಖಲೆ ಕನ್ನಡಕ್ಕೆ ತರೋವಾಗ ಬರೀ ಟ್ಯಾಂಕ್ ಅಂತಿದ್ರೆ ಅದು ಕೆರೆನೋ ಕಟ್ಟೆನೋ ಅಂತ ನೀವು ಹೆಂಗೆ ತೀರ್ಮಾನ ಮಾಡ್ತೀರಿ? ಅನುವಾದ ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.